ಬಂಕಾಪುರದ ಕೋಟೆಯಿಂದ ಹುಲಗೂರಿನ ದರ್ಗಾದವರೆಗೆ

ಮೊಹರಂ ಬಂತೆಂದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಊರೂರಲ್ಲಿ ಅಲಾವಿ ಕುಣಿ ತೋಡುತ್ತಾರೆ. ಪಾಂಜಾ, ಡೋಲಿಗಳು ಏಳುತ್ತವೆ. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಚೊಂಗೆಯ ಎಡೆಯಾಗುತ್ತದೆ. ಮುಸ್ಲಿಮರ ಮನೆಯೇ ಇಲ್ಲದ ಊರಲ್ಲೂ ಹಬ್ಬ ತಪ್ಪುವುದಿಲ್ಲ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಕಾಳಗ ಹಾವೇರಿ ಸೀಮೆಯ ಹೆಜ್ಜೆ ಮೇಳದವರ ಹಾಡಾದದ್ದು ಹೇಗೆ?

ಮತಗಳು ಬಂದು ನೆಲೆ ನಿಲ್ಲುವುದು ಈ ಸೀಮೆಗೆ ಹೊಸದೇನಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ 9ನೇ ಶತಮಾನದ ಕೊನೆಗೆ ಜೈನರ ದೊಡ್ಡ ಕೇಂದ್ರ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ ಪೂಜೆಗೊಂಡ ಊರು. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ, ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂತ ಕಟ್ಟಿ ಗೆದ್ದ ಕಥೆ ಹೇಳುತ್ತದೆ. ಜಗಳವೂ ಕೊಡುಕೊಳ್ಳುವಿಕೆಯೂ ಇಲ್ಲಿ ಮೊದಲಿನಿಂದ ಒಟ್ಟಿಗೇ ನಡೆದಿವೆ.

ಇಸ್ಲಾಂ ಇಲ್ಲಿಗೆ ಮೊದಲು ಬಂದದ್ದು ದಂಡಿನ ದಾರಿಯಲ್ಲಿ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಕೃಷ್ಣಾ–ತುಂಗಭದ್ರೆಯರ ನಡುವಿನ ನಾಡು ವಿಜಯನಗರಕ್ಕೂ ಬಹಮನಿಗಳಿಗೂ ಹಗ್ಗಜಗ್ಗಾಟದ ವಸ್ತುವಾಯಿತು. ಬಂಕಾಪುರದ ಮೇಲೆ ಇಬ್ಬರಿಗೂ ಕಣ್ಣು. 1406ರ ಯುದ್ಧದಲ್ಲಿ ಸೋತ ಒಂದನೇ ದೇವರಾಯ ಮಗಳನ್ನು ಫಿರೋಜ್ ಶಾ ಬಹಮನಿಗೆ ಮದುವೆ ಮಾಡಿಕೊಟ್ಟು ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆದರೆ ಮುಸ್ಲಿಂ ಸೈನಿಕರು ಬರೀ ಬಹಮನಿಗಳ ಕಡೆ ಇದ್ದರೆಂದಲ್ಲ. 1446ರವರೆಗೆ ಆಳಿದ ಎರಡನೇ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡು, ಅವರಿಗೆ ಮಸೀದಿ ಕಟ್ಟಿಸಿಕೊಟ್ಟ.

1565ರಲ್ಲಿ ವಿಜಯನಗರ ಬಿದ್ದಮೇಲೆ ಆದಿಲ್‌ಶಾಹಿಗಳಿಗೆ ದಕ್ಷಿಣದ ಬಾಗಿಲು ತೆರೆಯಿತು. 1573ರ ಸುಮಾರಿಗೆ ಒಂದನೇ ಅಲಿ ಆದಿಲ್ ಶಾ ಬಂಕಾಪುರಕ್ಕೆ ಮುತ್ತಿಗೆ ಹಾಕಿದ. ಕೋಟೆಯ ನಾಯಕ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದಾಡಿ ಸೋತ. ಕೋಟೆಯೊಳಗಿನ ಗುಡಿಯೊಂದನ್ನು ಕೆಡವಿಸಿ ಸುಲ್ತಾನನೇ ಮಸೀದಿಗೆ ಕಲ್ಲಿಟ್ಟನೆಂದೂ ಫೆರಿಷ್ತಾ ದಾಖಲಿಸುತ್ತಾನೆ. ಅದನ್ನು ಮುಚ್ಚಿಡಬೇಕಿಲ್ಲ. ಅದೇ ಕೋಟೆಯೊಳಗೆ ಚಾಲುಕ್ಯರ ಕಾಲದ ನಗರೇಶ್ವರ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ, ಇವತ್ತಿಗೂ ನಿಂತಿದೆ ಎಂಬುದನ್ನೂ ಮರೆಯಬೇಕಿಲ್ಲ.

ಆಮೇಲಿನ ಅಧ್ಯಾಯ ಸವಣೂರಿನದು. ಬಿಜಾಪುರದ ಸೇವೆಯಲ್ಲಿದ್ದ ಮಿಯಾನಾ ಪಠಾಣರ ಮನೆತನದ ಅಬ್ದುಲ್ ರೌಫ್ ಖಾನ್, 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿದಾಗ ಮೊಘಲರ ಪಕ್ಷಕ್ಕೆ ಬಂದು ಜಹಗೀರು ಪಡೆದ. ಬಂಕಾಪುರದ ಬದಲು ಸವಣೂರು ರಾಜಧಾನಿಯಾಯಿತು. ಪೇಶ್ವೆಗಳು 1756ರಲ್ಲಿ ಊರಿಗೆ ಮುತ್ತಿಗೆ ಹಾಕಿದರು. 1779ರಲ್ಲಿ ಹೈದರಾಲಿ ಸವಣೂರಿನ ನವಾಬರೊಂದಿಗೆ ಬೀಗತನ ಬೆಳೆಸಿದ. ಅದೇ ಬೀಗರ ಊರನ್ನು 1786ರಲ್ಲಿ ಅವನ ಮಗ ಟಿಪ್ಪು ವಶಪಡಿಸಿಕೊಂಡ. ಧರ್ಮ ಒಂದೇ ಆದರೂ ರಾಜಕಾರಣದ ಲೆಕ್ಕ ಬೇರೆಯೇ ಇತ್ತು.

ಕೋಟೆ ಗೆದ್ದ ಮಾತ್ರಕ್ಕೆ ಊರವರು ಧರ್ಮ ಬದಲಿಸುವುದಿಲ್ಲ. ದಂಡು, ದರ್ಬಾರು, ಸಂತೆ ಇದ್ದಲ್ಲಿ ಕಸುಬುದಾರರು ಬೇಕು. ಕುದುರೆಗೆ ಲಾಳ ಕಟ್ಟುವ ನಾಲಬಂದರು, ಅತ್ತರು ಮಾರುವ ಅತ್ತಾರರು, ಬಳೆಯ ಮಣಿಯಾರರು, ಹಣ್ಣಿನ ಬಾಗವಾನರು ಇಂದಿಗೂ ಹೆಸರಿನ ಮುಂದೆ ಕಸುಬನ್ನೇ ಹೊತ್ತಿದ್ದಾರೆ. ಹತ್ತಿ ಬೆಳೆಯುವ ಈ ಎರೆಭೂಮಿಯಲ್ಲಿ ಪಿಂಜಾರರಿಗೆ ಕೆಲಸಕ್ಕೆ ಬರವಿರಲಿಲ್ಲ. ಬಿಲ್ಲಿನ ತಂತಿ ಮೀಟಿ ಅರಳೆ ಹಿಂಜಿ ಗಾದಿ ತುಂಬಲು ಅವರು ಮನೆಮನೆಗೆ ಹೋಗಬೇಕಿತ್ತು. ನದಾಫರೆಂದೂ ಕರೆಸಿಕೊಳ್ಳುವ ಈ ಜನರಲ್ಲಿ ಅನೇಕರ ಮನೆಮಾತು ಕನ್ನಡವೇ. ಹುಚ್ಚುಸಾಬ, ದೊಡ್ಡಸಾಬ ಎಂಬ ಹೆಸರುಗಳಲ್ಲಿ ಹಳೆಯ ಒಕ್ಕಲು ಹಾಗೇ ಉಳಿದುಕೊಂಡಿದೆ.

ಇದಕ್ಕಿಂತ ಆಳವಾಗಿ ಬೇರು ಬಿಟ್ಟದ್ದು ದರ್ಗಾ. ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಲ್ಲಿ ಹಜರತ್ ಶಾ ಖಾದ್ರಿಯವರ ದರ್ಗಾ ಇದೆ. ಮಕ್ಕಳಿಲ್ಲದ ಇಮಾಮ್ ಸಾಹೇಬ ದಂಪತಿ ಆ ಸಂತರಿಗೆ ಹರಕೆ ಹೊತ್ತು ಪಡೆದ ಮಗನೇ 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫ ಎಂಬುದು ಪ್ರತೀತಿ. ಕೆಲಕಾಲ ಶಾಲಾ ಮಾಸ್ತರರಾಗಿದ್ದ ಶರೀಫರು ಕಳಸದ ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿಕೊಂಡರು. ತತ್ವಪದದ ಜೊತೆಗೆ ಕರ್ಬಲಾದ ಕಥೆಯನ್ನು ಹೇಳುವ ಅಲಾವಿ ಪದಗಳನ್ನೂ ಕಟ್ಟಿದರು. ಅರಬ್ಬೀ ನೆಲದ ಶೋಕ ಧಾರವಾಡ ಸೀಮೆಯ ಆಡುಮಾತಿಗೆ ಇಳಿದದ್ದು ಇಂಥ ರಿವಾಯತುಗಳಲ್ಲಿ. 1889ರಲ್ಲಿ ಅವರು ತೀರಿಕೊಂಡರು. ಶಿಶುನಾಳದ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ.

ದಂಡು ತಂದದ್ದು ಆಳ್ವಿಕೆಯನ್ನು. ಧರ್ಮವನ್ನು ಊರೊಳಗೆ ಕರೆತಂದದ್ದು ಕಸುಬು, ಹರಕೆ ಮತ್ತು ಹಾಡು. ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ ನವಾಬಗಿರಿ ಮುಗಿಯಿತು. ರಿವಾಯತು ಮುಗಿದಿಲ್ಲ. ನಿಮ್ಮೂರಿನ ಹಿರಿಯರ ನಾಲಿಗೆಯ ಮೇಲೆ ಇನ್ನೂ ಅಲಾವಿ ಪದಗಳಿದ್ದರೆ, ಈ ಮೊಹರಮ್ಮಿಗೆ ಅವರ ಪಕ್ಕ ಕುಳಿತು ಬರೆದುಕೊಳ್ಳಿ, ಮೊಬೈಲಿನಲ್ಲಾದರೂ ಹಿಡಿದಿಡಿ. ಈ ಸೀಮೆಯ ಇತಿಹಾಸದ ಅರ್ಧ ಭಾಗ ಇರುವುದು ಅಲ್ಲಿಯೇ.