ಅದು ಸೋಮಾರಿತನ ಅಲ್ಲ ಕಣ್ರೀ!

ಚಟಪಟ ಓಡಾಡಿಕೊಂಡು ಏಳೂವರೆಗೆಲ್ಲ ಡಬ್ಬಿ ಕಟ್ಟಿ ಮುಗಿಸುತ್ತಿದ್ದ ಓರಗಿತ್ತಿ ಈಗ ಹತ್ತು ಗಂಟೆಯಾದರೂ ಹಾಸಿಗೆ ಅಂಚಿನಲ್ಲೇ ಕೂತಿರುತ್ತಾಳೆ. ಏನಾದರೂ ಕೇಳಿದರೆ ಉತ್ತರ ಬರೋಕೆ ಅರ್ಧ ನಿಮಿಷ ಬೇಕು. ದನಿ ತಗ್ಗಿದೆ, ಕಾಲು ಎಳೆದು ನಡೀತಾಳೆ, ತಲೆ ಬಾಚಿಕೊಳ್ಳೋದೂ ದೊಡ್ಡ ಕೆಲಸ. ‘ಮೈಗಳ್ಳತನ’ ಅಂತ ಅತ್ತೆ ಗೊಣಗುತ್ತಾರೆ. ‘ವಾಕಿಂಗ್ ಹೋಗು, ಸರಿಹೋಗುತ್ತೆ’ ಅಂತ ನಾವೂ ಉಪದೇಶ ಮಾಡುತ್ತೇವೆ.

ಸ್ವಲ್ಪ ತಡೀರಿ. ತೀವ್ರ ಖಿನ್ನತೆಯಲ್ಲಿ ಮನಸ್ಸಿನ ಜೊತೆ ಮೈಯೂ ನಿಧಾನವಾಗುತ್ತದೆ. ಅದು ರೋಗದ ಲಕ್ಷಣ. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಸಂಶೋಧಕರು ಪೆಟ್ ಸ್ಕ್ಯಾನ್ ಮಾಡಿ ಖಿನ್ನತೆಯ ರೋಗಿಗಳ ಮಿದುಳಿನ ರಕ್ತಸಂಚಾರ ಅಳೆದರು. ಮಾತು, ಚಲನೆ ನಿಧಾನವಾದವರಲ್ಲಿ ಹಣೆಯ ಹಿಂದೆ, ಎಡಭಾಗದಲ್ಲಿ ರಕ್ತದ ಹರಿವು ಕಡಿಮೆಯಿತ್ತು. ಕೆಲಸವೊಂದನ್ನು ಯೋಚಿಸಿ ಶುರು ಮಾಡೋದರಲ್ಲಿ ಆ ಜಾಗದ ಪಾತ್ರ ದೊಡ್ಡದು. ಚೇತರಿಸಿಕೊಂಡ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ಅಲ್ಲಿ ಹರಿವು ಹೆಚ್ಚಿತ್ತು!

ಹಾಗಂತ ರಕ್ತನಾಳ ಕಟ್ಟಿಕೊಂಡಿದೆ ಅಂತ ಗಾಬರಿ ಬೇಡ. ಮಿದುಳಿನ ಯಾವ ಭಾಗಕ್ಕೆ ಕೆಲಸ ಕಡಿಮೆಯೋ ಅಲ್ಲಿಗೆ ರಕ್ತವೂ ಕಡಿಮೆ ಹೋಗುತ್ತದೆ. ಖಿನ್ನತೆ ಪತ್ತೆ ಹಚ್ಚಲು ದುಬಾರಿ ಸ್ಕ್ಯಾನ್ ಬೇಕಿಲ್ಲ, ಮನೋವೈದ್ಯರು ಮಾತಾಡಿಸಿ, ಗಮನಿಸಿ ಹೇಳುತ್ತಾರೆ. ಥೈರಾಯ್ಡ್ ಕಡಿಮೆಯಾದರೂ ಇಂಥದೇ ಮಂಕು ಕವಿಯುತ್ತದೆ, ಆ ರಕ್ತಪರೀಕ್ಷೆ ಮರೆಯಬೇಡಿ. ವಯಸ್ಸಾದವರಾದರೆ ಪಾರ್ಕಿನ್ಸನ್ ಕಾಯಿಲೆಯೂ ಇರಬಹುದು.

ಮನೆಯಲ್ಲಿ ಏನು ಮಾಡೋಣ? ಪ್ರಶ್ನೆ ಕೇಳಿ, ಸುಮ್ಮನೆ ಕಾಯಿರಿ. ‘ಸ್ನಾನ ಮಾಡು’ ಅನ್ನುವ ಬದಲು ನೀರು ಕಾಯಿಸಿ, ಟವೆಲ್ ಕೈಗೆ ಕೊಡಿ. ಮಾತ್ರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ‘ಗುಣ ಕಾಣಲಿಲ್ಲ’ ಅಂತ ನೀವೇ ನಿಲ್ಲಿಸಬೇಡಿ.

ಇನ್ನೊಂದು ಮಾತು, ಇದನ್ನು ಮನೆಯವರಿಗೆಲ್ಲ ಹೇಳಿ. ಚಿಕಿತ್ಸೆ ಶುರುವಾದಾಗ ಕೆಲವರಿಗೆ ಮನಸ್ಸು ತಿಳಿಯಾಗುವ ಮೊದಲೇ ಕೈಕಾಲಿಗೆ ಶಕ್ತಿ ಬರುತ್ತದೆ. ಸಾಯುವ ಯೋಚನೆ ಇನ್ನೂ ಹೋಗಿರೋದಿಲ್ಲ. ಆ ವಾರಗಳಲ್ಲಿ ಒಂಟಿ ಬಿಡಬೇಡಿ, ಮಾತ್ರೆ ಡಬ್ಬಿ ನಿಮ್ಮ ಹತ್ತಿರವೇ ಇರಲಿ. ಸಾಯುವ ಮಾತಾಡಿದರೆ, ಅನ್ನ ನೀರು ಬಿಟ್ಟರೆ, ಮಾತೇ ನಿಂತರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಡಾಕ್ಟರ ಹತ್ತಿರ ಜೊತೆಗೆ ಹೋಗುವಾಗ ಯಾವಾಗಿನಿಂದ ಹೀಗೆ, ಊಟ, ನಿದ್ದೆ ಎಷ್ಟು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಅಷ್ಟು ಮಾತು ಪಾಪ, ಅವಳ ಬಾಯಿಂದ ಅಲ್ಲಿ ಹೊರಡೋದು ಕಷ್ಟ.