ಬಿಸಿಲಿಗೆ ಮೈ ಕಪ್ಪಾಗುವುದು ಏಕೆ?

ಆಗಸ್ಟ್ ಬಂತೆಂದರೆ ಹಿಂದೂಪುರ, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಹೊಲಗಳಲ್ಲಿ ಕಳೆ ಕೀಳುವ ಕೆಲಸ. ಬೆಳಿಗ್ಗೆ ಹೋದ ಹೆಣ್ಣುಮಕ್ಕಳು ಸಂಜೆಯವರೆಗೆ ಬಗ್ಗಿಕೊಂಡೇ ಇರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಮುಖ, ಕತ್ತಿನ ಹಿಂಭಾಗ, ಮುಂಗೈ ಕಪ್ಪಾಗುತ್ತವೆ. ರವಿಕೆಯ ತೋಳು ಮುಗಿದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಭಾನುವಾರ ಪೂಜೆ ಮುಗಿದು ಹೊರಗೆ ಬಂದಾಗ ತಾಯಂದಿರು ನಮ್ಮನ್ನು ಕೇಳುವುದು ಇದನ್ನೇ: “ಹುಡುಗಿ ಬಿಸಿಲಿಗೆ ಕಪ್ಪಾಗಿಬಿಟ್ಟಿದಾಳೆ. ಗಂಡಿನ ಕಡೆಯೋರು ನೋಡೋಕೆ ಬರ್ತಾರೆ. ಏನಾದ್ರೂ ಹಚ್ಚೋಕೆ ಹೇಳಿ.” ಇನ್ನು ಕೆಲವರು ಯಾರನ್ನೂ ಕೇಳದೆ ಅಂಗಡಿಯಿಂದ ಟ್ಯೂಬು ತಂದು ಹಚ್ಚಿ, ಮುಖ ಕೆಟ್ಟ ಮೇಲೆ ಬರುತ್ತಾರೆ. ಆದ್ದರಿಂದ ಚರ್ಮ ಏಕೆ ಕಪ್ಪಾಗುತ್ತದೆ, ಅದಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಬಾರಿ ತಿಳಿಯೋಣ.

ಚರ್ಮದೊಳಗೆ ನಡೆಯುವುದೇನು?

ನಮ್ಮ ಹೊರಚರ್ಮದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ತಯಾರಿಸುವ ಕಂದು-ಕಪ್ಪು ವಸ್ತುವಿಗೆ ಮೆಲನಿನ್ ಎಂದು ಹೆಸರು. ಒಂದೊಂದು ಬಣ್ಣದ ಕೋಶವೂ ಬೇರು ಬಿಟ್ಟಂತೆ ಕೈಚಾಚಿ ಸುತ್ತಲಿನ 30-40 ಕೋಶಗಳಿಗೆ ಮೆಲನಿನ್ ಕಣಗಳನ್ನು ಹಂಚುತ್ತದೆ. ಬೆಳ್ಳಗಿರುವವರಲ್ಲಿಯೂ ಕಪ್ಪಗಿರುವವರಲ್ಲಿಯೂ ಈ ಬಣ್ಣದ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಕಣಗಳ ಗಾತ್ರ, ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವು ಚರ್ಮವನ್ನು ಹೊಕ್ಕು, ಕೋಶದ ನಡುವೆ ಇರುವ ಡಿ.ಎನ್.ಎ.ಗೆ ಪೆಟ್ಟು ಕೊಡುತ್ತವೆ. ಡಿ.ಎನ್.ಎ. ಎಂದರೆ ಆ ಕೋಶದ ಬೀಜವಿದ್ದಂತೆ. ಪೆಟ್ಟು ಬಿದ್ದ ಕೋಶ ಪಕ್ಕದ ಬಣ್ಣದ ಕೋಶಕ್ಕೆ ಸುದ್ದಿ ಕಳುಹಿಸುತ್ತದೆ. ಅದು ಹೆಚ್ಚು ಮೆಲನಿನ್ ತಯಾರಿಸಿ ಕಳುಹಿಸುತ್ತದೆ. ಬಂದ ಕಣಗಳು ಕೋಶದ ನಡುಭಾಗದ ಮೇಲೆ, ಬಿಸಿಲು ಬೀಳುವ ಕಡೆಗೆ, ಕೊಡೆ ಹಿಡಿದಂತೆ ಸೇರುತ್ತವೆ.

ಆದ್ದರಿಂದ ಕಪ್ಪು ಎಂಬುದು ಕೊಳೆಯಲ್ಲ, ರೋಗವೂ ಅಲ್ಲ. ಅದು ದೇವರು ನಮ್ಮ ದೇಹದೊಳಗೇ ಇಟ್ಟಿರುವ ಕೊಡೆ. ಆದರೆ ಪೆಟ್ಟು ಬಿದ್ದ ಮೇಲೆಯೇ ಈ ಕೊಡೆ ಬಿಚ್ಚುತ್ತದೆ ಎಂಬುದನ್ನೂ ಮರೆಯಬಾರದು. ಕೊಡೆ ಇದೆಯೆಂದು ಇಡೀ ದಿನ ಉರಿಬಿಸಿಲಿನಲ್ಲಿ ನಿಲ್ಲುವುದು ಜಾಣತನವಲ್ಲ.

ಎರಡು ಬಗೆಯ ಕಿರಣ

ಅತಿನೇರಳೆ ಕಿರಣಗಳಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ ನಮಗೆ ಮುಖ್ಯ. ಎ ಕಿರಣ ಚರ್ಮದ ಆಳಕ್ಕೆ ಇಳಿಯುತ್ತದೆ. ಮೊದಲೇ ಇರುವ ಮೆಲನಿನ್ನನ್ನು ಕೆಲವೇ ನಿಮಿಷಗಳಲ್ಲಿ ಇನ್ನಷ್ಟು ಕಪ್ಪು ಮಾಡುತ್ತದೆ. ಈ ಕಪ್ಪು ಬಹುಮಟ್ಟಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮ ಬೇಗ ಸುಕ್ಕುಗಟ್ಟುವುದಕ್ಕೂ ಎ ಕಿರಣವೇ ದೊಡ್ಡ ಕಾರಣ. ಬಿ ಕಿರಣ ಮೇಲ್ಪದರದಲ್ಲೇ ಉಳಿದರೂ ಸುಡುವ ಶಕ್ತಿ ಅದಕ್ಕೆ ಹೆಚ್ಚು. ಅದರಿಂದ ಹೊಸ ಮೆಲನಿನ್ ಹುಟ್ಟುತ್ತದೆ. ಆ ಕಪ್ಪು ಎರಡು ಮೂರು ದಿನ ಬಿಟ್ಟು ಕಾಣಿಸಿಕೊಂಡು ವಾರಗಟ್ಟಲೆ ಇರುತ್ತದೆ. ಹಳೆಯ ಚರ್ಮ ಉದುರಿ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು. ಸುಗ್ಗಿ ಮುಗಿದು ಬಿಸಿಲು ತಪ್ಪಿದರೆ ಒಂದೆರಡು ತಿಂಗಳಲ್ಲಿ ಬಣ್ಣ ತಾನಾಗಿಯೇ ತಿಳಿಯಾಗುತ್ತದೆ.

ಹೊಲದಲ್ಲಿ

ನಮ್ಮ ಸೀಮೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಒಂದು ಸಲ, ಆಗಸ್ಟ್ 15ರ ಆಸುಪಾಸಿನಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಹೊತ್ತಿಗೆ, ಇನ್ನೊಂದು ಸಲ. ಆ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂಕಾಲರಿಂದ ಹನ್ನೆರಡೂವರೆಯೊಳಗೆ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ನೆರಳೇ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತೇವೆ. ಆಗಸ್ಟಿನಲ್ಲಿ ಮೋಡವಿದೆ, ಗಾಳಿ ತಣ್ಣಗಿದೆ ಎಂದು ತಲೆಗೆ ಬಟ್ಟೆಯನ್ನೂ ಹಾಕದೆ ಕಳೆ ಕೀಳುತ್ತೇವೆ. ಅತಿನೇರಳೆ ಕಿರಣಕ್ಕೆ ಬಿಸಿ ಇಲ್ಲ, ತೆಳುಮೋಡ ಅದನ್ನು ಹೆಚ್ಚು ತಡೆಯುವುದೂ ಇಲ್ಲ. ಕಳೆ ಕೀಳುವ ತಿಂಗಳಿನಲ್ಲಿ ಇಷ್ಟು ಕಪ್ಪಾಗುವುದಕ್ಕೆ ಇದೇ ಕಾರಣ.

ಗಡಿಯಾರವಿಲ್ಲದಿದ್ದರೂ ಒಂದು ಲೆಕ್ಕ ನೆನಪಿಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ. ಉದ್ದವಾಗಿದ್ದರೆ ಸೌಮ್ಯವಾಗಿದೆ.

ಮನೆಯೊಳಗೆ

ಒಳಗಿದ್ದರೆ ಕಪ್ಪಾಗುವುದಿಲ್ಲವೇ? ಕಿಟಕಿಯ ಗಾಜು ಬಿ ಕಿರಣವನ್ನು ಬಹುಪಾಲು ತಡೆಯುತ್ತದೆ. ಎ ಕಿರಣದಲ್ಲಿ ಹೆಚ್ಚಿನ ಭಾಗ ದಾಟಿ ಒಳಗೆ ಬರುತ್ತದೆ. ವರ್ಷಗಟ್ಟಲೆ ಲಾರಿ ಓಡಿಸಿದವರ ಬಲಗೆನ್ನೆ, ಬಲಗೈ ಎಡಕ್ಕಿಂತ ಕಪ್ಪಾಗಿರುವುದನ್ನು ನೋಡಿರಬಹುದು. ಮೂಳೆಗೆ ಬೇಕಾದ ಡಿ ಜೀವಸತ್ವವನ್ನು ಚರ್ಮ ತಯಾರಿಸುವುದು ಬಿ ಕಿರಣದಿಂದ. ಹೀಗಾಗಿ ಗಾಜಿನ ಹಿಂದೆ ಕುಳಿತವರಿಗೆ ಕಪ್ಪು ಬರಬಹುದು, ಡಿ ಜೀವಸತ್ವ ಬರುವುದಿಲ್ಲ. ರೇಷ್ಮೆಹುಳು ಸಾಕುವ ಮನೆಯಲ್ಲಿ, ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ಇರುವವರು ಸ್ವಲ್ಪ ಹೊತ್ತು ಹೊರಗೆ ಬರುವುದು ಒಳ್ಳೆಯದು.

ಮನೆಯ ಟ್ಯೂಬ್‌ಲೈಟಿನಿಂದ ಯಾರೂ ಕಪ್ಪಾಗುವುದಿಲ್ಲ. ವೆಲ್ಡಿಂಗ್ ಬೆಳಕು ಮಾತ್ರ ಬೇರೆ. ಅದರಲ್ಲಿ ಅತಿನೇರಳೆ ಕಿರಣ ಬಲವಾಗಿದೆ, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಟ್ರಾಲಿ ರಿಪೇರಿ ಮಾಡುವಾಗ ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ.

ತಣ್ಣನೆಯ ದೇಶಗಳಲ್ಲಿ ಬಿಳಿಯರು ಕಂದುಬಣ್ಣ ಬರಲೆಂದು ಹಣ ಕೊಟ್ಟು, ಎ ಕಿರಣ ಸೂಸುವ ದೀಪಗಳ ಪೆಟ್ಟಿಗೆಯಲ್ಲಿ ಮಲಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಇವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಇವನ್ನು ನಿಷೇಧಿಸಿತು. ಆಸ್ಪತ್ರೆಯಲ್ಲಿ ತೊನ್ನಿಗೆ ಕೊಡುವ ಬೆಳಕಿನ ಚಿಕಿತ್ಸೆ ಬೇರೆ. ಅಲ್ಲಿ ವೈದ್ಯರು ಅಳತೆ ನೋಡಿ ಕಿರಣ ಕೊಡುತ್ತಾರೆ. ಅದಕ್ಕೆ ಹೆದರಬೇಕಿಲ್ಲ.

ಅಲ್ಲಿಯವರು ಕಪ್ಪಾಗಲು ಹಣ ಕೊಡುತ್ತಾರೆ, ಇಲ್ಲಿ ನಾವು ಬೆಳ್ಳಗಾಗಲು ಕೊಡುತ್ತೇವೆ. ಇಬ್ಬರಿಗೂ ನಷ್ಟವೇ.

ಟ್ಯೂಬಿನ ಆಪತ್ತು

1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದಷ್ಟು ಬೇಗ ನಮ್ಮ ಮನಸ್ಸು ಬದಲಾಗಿಲ್ಲ. ಇಂಥ ಕ್ರೀಮಿಗಿಂತಲೂ ಅಪಾಯಕಾರಿಯಾದವು ಸ್ಟೀರಾಯ್ಡ್ ಬೆರೆತ ಔಷಧಿ ಟ್ಯೂಬುಗಳು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರು ಟ್ಯೂಬಿನ ಮೇಲೆ ಇದೆಯೇ ನೋಡಿ. ಹಚ್ಚಿದ ಮೊದಲ ಕೆಲವು ವಾರ ಮುಖ ತಿಳಿಯಾಗಿ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಉರಿ ಇನ್ನೂ ಹೆಚ್ಚು, ಆದ್ದರಿಂದ ಬಿಡಲಾರದೆ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ವೈದ್ಯರ ಸಲಹೆಯಂತೆಯೇ ಬಿಡಬೇಕು.

ಮನೆಮದ್ದಿನಲ್ಲೂ ಎಚ್ಚರ ಬೇಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆ ಏಳಬಹುದು, ಕಲೆ ಇನ್ನೂ ಕಪ್ಪಾಗಬಹುದು. ತೊನ್ನಿಗೆಂದು ಹಚ್ಚುವ ಬಾವಂಚಿ ಬೀಜದ ಗುಣವೂ ಇದೇ. ತಿಳಿದವರ ಅಳತೆಯಿಲ್ಲದೆ ಅದನ್ನು ಬಳಸಬೇಡಿ.

ಎಲ್ಲ ಬದಲಾವಣೆಯೂ ಬಿಸಿಲಿನದಲ್ಲ

‘ಬಿಸಿಲಿಗೆ ಹಾಗಾಗಿದೆ’ ಎಂದು ಸುಮ್ಮನಿದ್ದು ರೋಗ ಬೆಳೆಸಿಕೊಂಡವರೂ ಇದ್ದಾರೆ. ಈ ನಾಲ್ಕನ್ನು ಗುರುತಿಡಿ:

1. ಮಾಸಲು ಅಥವಾ ಕೆಂಪು ಮಚ್ಚೆ, ಅಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ – ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. 6 ಅಥವಾ 12 ತಿಂಗಳು ಬಿಡದೆ ನುಂಗಿದರೆ ವಾಸಿಯಾಗುತ್ತದೆ.

2. ಹಾಲಿನಂತೆ ಬಿಳಿಯಾದ ಮಚ್ಚೆ, ಸ್ಪರ್ಶ ಸರಿಯಾಗಿಯೇ ಇದೆ – ತೊನ್ನು ಇರಬಹುದು. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಬಣ್ಣದ ಕೋಶಗಳು ನಾಶವಾಗಿರುತ್ತವೆ, ಅಷ್ಟೆ. ಕೊಡೆಯಿಲ್ಲದ ಆ ಜಾಗ ಬೇಗ ಸುಡುತ್ತದೆ.

3. ಕತ್ತಿನ ಸುತ್ತ ಸರದಂತೆ, ಕೈಗಳ ಮೇಲೆ ಕಪ್ಪಾಗಿ ಒರಟಾಗಿ ಸುಲಿಯುವ ಚರ್ಮ, ಜೊತೆಗೆ ಭೇದಿ, ಮಂಕು – ಪೆಲ್ಲಾಗ್ರ ಇರಬಹುದು. ಇದು ನಯಾಸಿನ್ ಎಂಬ ಜೀವಸತ್ವದ ಕೊರತೆ. ಹಿಂದೆ ಬರೀ ಜೋಳ ಉಂಡವರಲ್ಲಿ ಕಾಣುತ್ತಿತ್ತು. ಈಗ ಊಟ ಬಿಟ್ಟು ಕುಡಿಯುವವರಲ್ಲಿ ಕಾಣುತ್ತದೆ. ನಾವು ಬೆಳೆಯುವ ಕಡಲೆಕಾಯಿಯಲ್ಲಿ ನಯಾಸಿನ್ ಧಾರಾಳವಾಗಿದೆ. ಎಲ್ಲವನ್ನೂ ಮಾರದೆ ಮನೆಗೂ ಒಂದಿಷ್ಟು ಉಳಿಸಿಕೊಳ್ಳಿ.

4. ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತಡೆಯಲಾರದ ತುರಿಕೆ, ಆಮೇಲೆ ಕಪ್ಪು, ದಪ್ಪ ಚರ್ಮ – ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಅಲರ್ಜಿ ಇರಬಹುದು. ಅದನ್ನು ಬರಿಗೈಯಲ್ಲಿ ಕೀಳಬೇಡಿ. ಹೂ ಬಿಡುವ ಮೊದಲೇ ಕಿತ್ತು ನಾಶಮಾಡಿ.

ನಾವು ಮಾಡಬೇಕಾದುದು

ಕಳೆ ಕೀಳುವ ಕೆಲಸವನ್ನು ಬೆಳಿಗ್ಗೆ ಬೇಗ ಶುರುಮಾಡಿ, ಹನ್ನೊಂದರಿಂದ ಮೂರರವರೆಗೆ ಆದಷ್ಟು ಹುಣಸೆ, ಬೇವಿನ ನೆರಳಿಗೆ ಬನ್ನಿ. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುವ ನಮ್ಮ ಹೆಂಗಸರ ರೂಢಿ ಬಹಳ ಒಳ್ಳೆಯದು, ಅದಕ್ಕೆ ನಗಬೇಡಿ. ಬಟ್ಟೆ ಒತ್ತಾಗಿ ನೇಯ್ದದ್ದಿರಲಿ. ಗಾಢ ಬಣ್ಣದ್ದು ಕಿರಣವನ್ನು ಹೆಚ್ಚು ತಡೆಯುತ್ತದೆ. ಕತ್ತನ್ನೂ ಮುಚ್ಚುವಂತೆ ಟವೆಲ್ ಸುತ್ತಿ, ಮುಖಕ್ಕೆ ನೆರಳು ಬೀಳುವ ಅಗಲ ಟೋಪಿ ಇದ್ದರೆ ಹಾಕಿಕೊಳ್ಳಿ. ಕಣ್ಣಿಗೆ ಮೆಲನಿನ್ ಕೊಡೆ ಸಾಲದು. ಮೂಗಿನ ಕಡೆಯಿಂದ ಕಣ್ಣುಗುಡ್ಡೆಯ ಮೇಲೆ ರೆಕ್ಕೆಯಂತೆ ಬೆಳೆಯುವ ಮಾಂಸ ಬಿಸಿಲಿನಲ್ಲಿ ದುಡಿಯುವವರಿಗೆ ಹೆಚ್ಚು. ಹುಟ್ಟಿನಿಂದಲೇ ಮೈಬಣ್ಣ, ಕೂದಲ ಬಣ್ಣ ಇಲ್ಲದ ಮಕ್ಕಳಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಭಯ ಬಹಳ. ಅವರನ್ನು ಹೊಲಕ್ಕೆ ಕಳುಹಿಸಬೇಡಿ, ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಹೇಳಿ, ಅವರಿಗೆ ದೃಷ್ಟಿಯೂ ಕಡಿಮೆ.

ಕೊನೆಯದಾಗಿ ಗಂಡು ಹೆತ್ತವರಿಗೆ ಒಂದು ಮಾತು. ಪವಿತ್ರ ಬೈಬಲಿನ ಪರಮಗೀತೆಯಲ್ಲಿ ಬರುವ ತರುಣಿಯೂ ಅಣ್ಣಂದಿರ ಮಾತಿನಂತೆ ದ್ರಾಕ್ಷಿತೋಟ ಕಾದು ಬಿಸಿಲಿಗೆ ಕಪ್ಪಾದವಳೇ. ಅವಳನ್ನೇ ಆ ಗ್ರಂಥ ಚೆಲುವೆ ಎನ್ನುತ್ತದೆ. ಹೆಣ್ಣು ನೋಡಲು ಹೋದಾಗ ಅವಳ ಕೈಯ ಕಪ್ಪು ಕಂಡರೆ, ಆ ಮನೆಯ ಕಡಲೆಕಾಯಿ ಯಾರ ದುಡಿಮೆಯಿಂದ ಮನೆ ಸೇರಿತು ಎಂದು ನೆನೆಯಿರಿ. ಆ ಬಣ್ಣಕ್ಕೆ ನಾಚಬೇಕಾದವರು ಅವಳಲ್ಲ.