ಜೀವಶಾಸ್ತ್ರ ತರಗತಿಯಲ್ಲಿ ಡಿಜಿಟಲ್ ಪಾಠ ಸಾಮಗ್ರಿ

ಕರ್ನಾಟಕದ ಶಾಲೆಗಳಲ್ಲಿ ಜೀವಶಾಸ್ತ್ರ ಬೋಧನೆಗೆ ಡಿಜಿಟಲ್ ಸಾಮಗ್ರಿ ಮುಖ್ಯವಾಗಿ ಎರಡು ಮೂಲಗಳಿಂದ ಬರುತ್ತದೆ. ರಾಜ್ಯದ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ 2013ರಲ್ಲಿ ಆರಂಭವಾಯಿತು. ಇದರಲ್ಲಿ ಶಿಕ್ಷಕರೇ ಪಾಠಗಳನ್ನು ಸಿದ್ಧಪಡಿಸಿ ಹಂಚಿಕೊಳ್ಳುತ್ತಾರೆ. 2017ರಲ್ಲಿ ಬಂದ ರಾಷ್ಟ್ರೀಯ ವೇದಿಕೆ ದೀಕ್ಷಾದಲ್ಲಿ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ.

ಕಣ್ಣಿಗೆ ಕಾಣದ ಕ್ರಿಯೆಗಳಿಗೆ ಇವುಗಳ ನೆರವು ಹೆಚ್ಚು. ನಾಲ್ಕು ಕೋಣೆಗಳ ಹೃದಯದ ಮೂಲಕ ರಕ್ತ ಒಂದು ಸುತ್ತಿನಲ್ಲಿ ಎರಡು ಬಾರಿ ಹಾದುಹೋಗುವ ಇಮ್ಮಡಿ ಪರಿಚಲನೆ ನಿಶ್ಚಲ ಚಿತ್ರದಲ್ಲಿ ಗೊಂದಲ ಹುಟ್ಟಿಸುತ್ತದೆ; ಅನಿಮೇಷನ್‌ನಲ್ಲಿ ಅದರ ದಿಕ್ಕು ಸ್ಪಷ್ಟವಾಗುತ್ತದೆ. ಶಿಕ್ಷಕರು ವಿಡಿಯೊವನ್ನು ನಡುವೆ ನಿಲ್ಲಿಸಿ, ಮುಂದೇನಾಗಬಹುದೆಂದು ಕೇಳಿದಾಗ ಮಕ್ಕಳು ಯೋಚಿಸತೊಡಗುತ್ತಾರೆ. ನೆಟ್‌ವರ್ಕ್ ದುರ್ಬಲವಿರುವ ಕಡೆ ಸಾಮಗ್ರಿಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಆದರೆ ಪರದೆ ಪ್ರತ್ಯಕ್ಷ ವೀಕ್ಷಣೆಗೆ ಬದಲಿಯಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಂಥ ಊರಿಗೆ ಹೊಲಗದ್ದೆಗಳೂ ಹತ್ತಿರ, ಬಂಡೀಪುರದ ಕಾಡೂ ದೂರವಿಲ್ಲ. ಆಹಾರ ಸರಪಳಿಯ ವಿಡಿಯೊ ನೋಡಿದ ಮಕ್ಕಳು ಹೊಲದ ಬದುವಿನಲ್ಲಿ ಕೀಟ, ಕಪ್ಪೆ, ಹಕ್ಕಿಗಳನ್ನು ಗುರುತಿಸಬಹುದು. ಬಂಡೀಪುರವನ್ನು ವ್ಯಾಪಿಸಿರುವ ಲಂಟಾನ, ಹೊರಗಿನ ಸಸ್ಯವೊಂದು ಸ್ಥಳೀಯ ಹುಲ್ಲನ್ನು ಹೇಗೆ ಹಿಂದಕ್ಕೆ ತಳ್ಳುತ್ತದೆ ಎಂಬುದಕ್ಕೆ ಜೀವಂತ ನಿದರ್ಶನ. ಎಲೆ, ಹೂಗಳ ಫೋಟೊ ತೆಗೆದು, ದಿನಾಂಕ ಮತ್ತು ಸ್ಥಳ ಬರೆದಿಟ್ಟರೆ ಮಕ್ಕಳ ಸ್ವಂತ ವೀಕ್ಷಣೆಯೇ ಮುಂದಿನ ತರಗತಿಗೆ ಡಿಜಿಟಲ್ ಪಾಠ ಸಾಮಗ್ರಿಯಾಗುತ್ತದೆ.